ಅಜ್ಜ ಬಿಡದೆ ಹೋದ ಸಾಲಿ

ಮೊಂಬಾಸ ಬಂದರಿನಲ್ಲಿ ಕನ್ನಡ ಓದಬಲ್ಲ ಮನೆಗಳು ಒಟ್ಟು ಒಂಬತ್ತು. ನಾನು ಊರು ನೋಡಿ ಬಂದ ಮೇಲೆ ಒಂಬತ್ತೂ ಮನೆಯವರು ಊಟಕ್ಕೆ ಕರೆದರು. ಉಂಡ ಋಣಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ತುಂಡು ಕಥೆ ಹೇಳಿದೆ. ಒಬ್ಬರಿಗೆ ರೈಲಿನದು, ಒಬ್ಬರಿಗೆ ಅತ್ತೆಯ ಮನೆಯದು, ಇನ್ನೊಬ್ಬರಿಗೆ ಬಂಡಿಯದು. ಪೂರ್ತಿ ಮಾತ್ರ ಯಾರಿಗೂ ಹೇಳಲಾಗಲಿಲ್ಲ. ಹೇಳಹೊರಟಾಗಲೆಲ್ಲ ಅಡುಗೆಮನೆಯಿಂದ ಯಾರಾದರೂ "ಮಕ್ಕಳ ಮುಂದೆ ಬೇಡಮ್ಮ" ಅನ್ನುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳಿಲ್ಲದ ಹೊತ್ತು ನೋಡಿ ಓದಿಕೊಳ್ಳಿ.

ಪರದೇಶಕ್ಕೆ ಹೋದವರು ಲಂಡನ್ನು, ಜಪಾನು ಅಂತ ಬರೆಯುತ್ತಾರೆ. ಮೊಂಬಾಸದಲ್ಲೇ ಹುಟ್ಟಿದ ನನಗೆ ಪರದೇಶ ಅಂದರೆ ದಾವಣಗೆರೆ. ನನ್ನ ಕನ್ನಡ ಅಜ್ಜಿಯ ತೊಡೆಯ ಮೇಲೆ ಕಲಿತದ್ದು. ಅಜ್ಜ ರುದ್ರಯ್ಯ ಬಂದರಿನಲ್ಲಿ ಗುಮಾಸ್ತನಾಗಿದ್ದ, ಮಾತು ಕಡಿಮೆ. ನನಗೆ ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕ ದಿನ ಮನೆಯಲ್ಲಿ ಕಲ್ಲುಸಕ್ಕರೆ ಹಂಚಿದೆವು. ಅಜ್ಜ ತನ್ನ ಪಾಲಿನ ಹರಳನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತ. ಅದು ಬೆವರಿಗೆ ಕರಗಿ ಬೆರಳ ಸಂದಿನಿಂದ ಇಳಿಯಿತು. ಯಾಕೆ ಎಂದು ಆಗ ಯಾರೂ ಕೇಳಲಿಲ್ಲ.

ಅಜ್ಜ, ಅಜ್ಜಿ ಇಬ್ಬರೂ ತೀರಿಕೊಂಡ ಮೇಲೆ, ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ದೊಡ್ಡ ರಜೆಯಲ್ಲಿ ಹಡಗು ಹತ್ತಿದೆ. ಹೊರಡುವಾಗ ನಮ್ಮ ಹೆಡ್‌ಮಿಸ್ಟ್ರೆಸ್ಸು ಒಂದು ಕೆಲಸ ಹಚ್ಚಿದ್ದಳು. "ಮಕ್ಕಳು ತಮ್ಮ ಟೀಚರಿಂದ ಏನು ಬಯಸುತ್ತಾರೆ ಅಂತ ಅಲ್ಲಿನ ಮಕ್ಕಳನ್ನೂ ಕೇಳಿಕೊಂಡು ಬಾ." ನಮ್ಮ ಶಾಲೆಯಲ್ಲಿ ಕೇಳಿದಾಗ ಬಂದ ಉತ್ತರಗಳು ಕಥೆ, ರಬ್ಬರು, ಮತ್ತು ಟೀಚರ ಸೀರೆಯ ಅಂಚನ್ನು ಒಂದು ಸಲ ಮುಟ್ಟುವುದು. ಸುಲಭದ ಕೆಲಸ ಅಂದುಕೊಂಡೇ ಹೊರಟೆ.

ಹರಿಹರ

ಹುಬ್ಬಳ್ಳಿ ಕಡೆಯಿಂದ ಬಂದ ರೈಲು ತುಂಗಭದ್ರೆಯ ಸೇತುವೆ ಹತ್ತಿದ ಕೂಡಲೇ ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಯಿಂದ ಹೊಳೆಗೆ ಕಾಸು ಎಸೆದು ಕೈ ಮುಗಿದರು. ನನ್ನ ಕೈಗೆ ಸಿಕ್ಕಿದ್ದು ನಡುವೆ ತೂತಿರುವ ನಮ್ಮ ಆಫ್ರಿಕಾದ ಕಾಸು. ಅದನ್ನೇ ಎಸೆದೆ. ಹೊಳೆಗೆ ಏನನ್ನಿಸಿತೋ ಗೊತ್ತಿಲ್ಲ. ಎದುರಿಗೆ ಕೂತ ಹೆಂಗಸು ಮಾತ್ರ ನನ್ನನ್ನು ಒಂದು ನಮೂನಿ ನೋಡಿದಳು.

ಅಜ್ಜಿಯ ತವರಿನ ಕಡೆಯ ಗೌರತ್ತೆ ನನಗಾಗಿ ಕಾಯುತ್ತಿದ್ದದ್ದು ದಾವಣಗೆರೆ ಸ್ಟೇಷನ್ನಿನಲ್ಲಿ. ನಾನು ಇಳಿದದ್ದು ಹರಿಹರದಲ್ಲಿ. "ನಮ್ಮೂರಿಗೆ ಹರಿಹರದಾಗ ಇಳೀಬೇಕು" ಎಂದು ಅಜ್ಜಿ ಸಾವಿರ ಸಲ ಹೇಳಿದ್ದು ಕಾಲಿನಲ್ಲಿ ಕೂತುಬಿಟ್ಟಿತ್ತು. ರೈಲು ಹೋಗಿ, ಹೊಗೆಯೂ ಹೋದ ಮೇಲೆ ತಪ್ಪು ಗೊತ್ತಾಯಿತು. ಮುಂದಿನ ಗಾಡಿಗೆ ಮೂರು ತಾಸು.

ಸ್ಟೇಷನ್ನಿನ ಹೊರಗೆ ಮಂಡಕ್ಕಿ ಮಾರುವ ಮುದುಕಿಯ ಹತ್ತಿರ ಕೂತೆ. ನಾನು ಎರಡು ಮಾತಾಡಿದ್ದೇ ತಡ, ಅವಳು ಕಣ್ಣು ಕಿರಿದು ಮಾಡಿ, "ಚಿಕ್ಕೋಳು ಕಾಣ್ತೀಯ, ನಮ್ಮವ್ವ ಮಾತಾಡಿದಂಗೆ ಮಾತಾಡ್ತೀಯಲ್ಲ. ಯಾವೂರವ್ವ?" ಅಂದಳು.

"ನಮ್ಮಜ್ಜಂದು ಸಾರಥಿ. ರುದ್ರಯ್ಯ ಅಂತ. ಆಫ್ರಿಕಾಕ್ಕೆ ಹೋದವರು."

ಮಂಡಕ್ಕಿ ಅಳೆಯುತ್ತಿದ್ದ ಅವಳ ಕೈ ಪಾವಿನಲ್ಲೇ ನಿಂತಿತು. "ಯಾವ ರುದ್ರಯ್ಯ? ಐಗಳ ರುದ್ರಯ್ಯನ?"

"ಐಗಳು ಅಂದರೆ?"

"ಮಕ್ಳಿಗೆ ಅಕ್ಷರ ತಿದ್ದಿಸೋ ಅಯ್ಯನೋರು."

"ನಮ್ಮಜ್ಜ ಮೇಷ್ಟ್ರಲ್ಲ. ಬಂದರಿನಲ್ಲಿ ಗುಮಾಸ್ತ."

ಮುದುಕಿ ಎದುರಿಗೆ ಕುದುರೆಗೆ ಹುಲ್ಲು ಹಾಕುತ್ತಿದ್ದ ಜಟಕಾದವನನ್ನು ಕೂಗಿದಳು. "ಏ ಇಮಾಮಣ್ಣ, ಸಾರಥಿ ಕಡೆ ಹೊಂಟ್ಯೇನು? ಹಾಲಪ್ಪಗೆ ಹೇಳು, ಅಯ್ಯನೋರ ಕುಡಿ ಬಂದೈತೆ ಅಂತ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಸಾಲಿ ಬಿಡಾಕ ಬಂದ್ಯೇನವ್ವ?"

ನಮ್ಮ ಶಾಲೆಗೆ ಈಗ ರಜೆ, ದಾವಣಗೆರೆಯ ಪಿ.ಜೆ. ಬಡಾವಣೆಗೆ ಅತ್ತೆಯ ಮನೆಗೆ ಹೊರಟಿದ್ದೇನೆ ಎಂದು ಹೇಳಿದೆ. ಆಕೆ ಕಾಸು ತೆಗೆದುಕೊಳ್ಳಲಿಲ್ಲ. ನನ್ನ ಕೈಗೆ ಪೊಟ್ಟಣ ಕೊಡುವಾಗ ಬೆರಳು ತಾಗದ ಹಾಗೆ ಕೊಟ್ಟಳು.

ಆವರಗೆರೆ

ದಾವಣಗೆರೆಯಲ್ಲಿ ನನ್ನನ್ನು ಮೊದಲು ಸೋಜಿಗಪಡಿಸಿದ್ದು ಹತ್ತಿ. ಗಿರಣಿಗಳಿಂದ ಹಾರಿ ಬಂದ ಎಳೆಗಳು ತಂತಿಗೆ, ಬೇವಿನ ಮರಕ್ಕೆ, ಎಮ್ಮೆಯ ಕೊಂಬಿಗೆ ತೊಡರಿಕೊಂಡಿರುತ್ತವೆ. ಮಧ್ಯಾಹ್ನ ಗಾಳಿ ನಿಂತಾಗ ಅವು ಕೆಳಗೂ ಬೀಳವು, ಮೇಲೂ ಹೋಗವು. ಬೀದಿಯ ನಡುವೆ ತೂಗುತ್ತಿರುತ್ತವೆ. ಸಮುದ್ರದ ಗಾಳಿಯಲ್ಲಿ ಬೆಳೆದ ನನಗೆ ಗಾಳಿ ಹಾಗೆ ನಿಲ್ಲಬಲ್ಲದು ಎನ್ನುವುದೇ ಗೊತ್ತಿರಲಿಲ್ಲ.

ಎರಡನೆಯ ದಿನ ಗೌರತ್ತೆ ಅಜ್ಜಿಯ ತವರು ತೋರಿಸಲು ಆವರಗೆರೆಗೆ ಕರೆದುಕೊಂಡು ಹೋದಳು. ಗೌರತ್ತೆಯದು ಗಟ್ಟಿ ದನಿ, ಗಟ್ಟಿ ಕಾಫಿ. ದಾರಿಯುದ್ದಕ್ಕೂ ನನ್ನ ತೋಳು ಹಿಡಿದು, "ಇಷ್ಟು ತೆಳ್ಳಗ ಅದೀಯಲ್ಲ, ಆಫ್ರಿಕಾದಾಗ ಜ್ವಾಳ ಬೆಳೆಯಂಗಿಲ್ಲೇನು?" ಅನ್ನುವಳು.

ಅಲ್ಲಿ ಗುಡಿಯ ಪಕ್ಕ ಒಂದೇ ಕೋಣೆಯ ಶಾಲೆ. ಮೇಷ್ಟ್ರು ಊಟಕ್ಕೆ ಹೋಗಿದ್ದರು. ಮಕ್ಕಳು ಮಗ್ಗಿ ಕೂಗುತ್ತಿದ್ದವು. ಇದೇ ಸಮಯ ಎಂದು ಕೇಳಿದೆ. "ನಿಮ್ಮ ಮೇಷ್ಟ್ರು ನಿಮಗೆ ಏನು ಕೊಡಬೇಕು ಅಂತ ಆಸೆ?"

ಒಬ್ಬ, "ಪೆಪ್ಪರಮಿಟ್ಟು" ಅಂದ. ಇನ್ನೊಬ್ಬ, "ಏನೂ ಕೊಡಬ್ಯಾಡ್ರಿ, ಕೊಡೋದು ನಿಲ್ಲಿಸಿದ್ರ ಸಾಕು" ಎಂದು ಬೆನ್ನು ಸವರಿಕೊಂಡ. ನಗು. ಮುಂದಿನ ಸಾಲಿನ ಹುಡುಗಿ ಮಾತ್ರ ಯೋಚನೆ ಮಾಡಿ ಹೇಳಿದಳು. "ಹೊಡೆದ್ರೂ ಪಾಳಿ ಪ್ರಕಾರ ಹೊಡೀಬೇಕ್ರಿ. ಹೊಗಳಿದ್ರೂ ಪಾಳಿ ಪ್ರಕಾರ ಹೊಗಳಬೇಕು. ಎಲ್ರೂ ಕಾಯ್ತಿರ್ತಾರಲ್ಲ."

ನಾನು ಪುಸ್ತಕದಲ್ಲಿ ಬರೆದುಕೊಂಡೆ. ರಬ್ಬರಿಗಿಂತ ಒಳ್ಳೆಯ ಉತ್ತರ ಅನ್ನಿಸಿತು. ಅಷ್ಟರಲ್ಲಿ ಯಾರೋ ಕಿಟಕಿಯ ಹೊರಗೆ ಬಂದು ನಿಂತ ನೆರಳು ನೆಲದ ಮೇಲೆ ಬಿತ್ತು. ಮುಂಡಾಸಿನ ನೆರಳು. ನೋಡಿದರೆ ಒಬ್ಬ ಮುದುಕ. ಬಲಗೈ ಮುಷ್ಟಿ ಕಟ್ಟಿದ್ದ. ನಾನು ಹೊರಗೆ ಬರುವಷ್ಟರಲ್ಲಿ ಇರಲಿಲ್ಲ. ಮಕ್ಕಳು, "ಅವ್ನು ನಮ್ಮೂರೋನಲ್ಲ ಬಿಡ್ರಿ" ಎಂದು ಮತ್ತೆ ಮಗ್ಗಿ ಹಿಡಿದವು.

ಪಿ.ಜೆ. ಬಡಾವಣೆ

ಮೂರನೆಯ ದಿನ ಬೆಳಗ್ಗೆ ಗಿರಣಿ ಕೂಗಿದ ಸ್ವಲ್ಪ ಹೊತ್ತಿಗೆ ಗೌರತ್ತೆಯ ಮನೆಯ ಗೇಟಿನ ಹೊರಗೆ ನಾಲ್ವರು ಮುದುಕರು ನಿಂತಿದ್ದರು. ಅರವತ್ತರ ಆಸುಪಾಸಿನವರು. ಒಬ್ಬರ ಹಿಂದೆ ಒಬ್ಬರು, ಸಾಲು. ಮೆಟ್ಟುಗಳನ್ನೂ ಸಾಲಾಗಿ ಬಿಟ್ಟಿದ್ದರು. ಮುಂದಿನವನು ನಿನ್ನೆ ಕಿಟಕಿಯಲ್ಲಿ ಕಂಡವನೇ.

ಗೌರತ್ತೆ, "ಯಾರ್ರಿ ಅದು, ಒಳಗ ಬರ್ರಿ, ಕೂಡ್ರಿ" ಎಂದು ಮೂರು ಸಲ ಕೂಗಿದರೂ ಅವರು ಕದಲಲಿಲ್ಲ. ಮುಂದಿನವನು ಅವಳನ್ನು ದಾಟಿ ನನ್ನನ್ನು ನೋಡಿ ಕೇಳಿದ:

"ಒಳಗ ಬರಬೌದೇನ್ರಿ, ಅಯ್ಯನೋರೆ?"

ಇಪ್ಪತ್ತು ವರ್ಷಗಳಿಂದ ನಾನು ದಿನಾ ಕೇಳುವ ಪ್ರಶ್ನೆ ಅದು. ನನ್ನ ಬಾಯಿ ತನ್ನಷ್ಟಕ್ಕೆ ತಾನೇ "ಬನ್ನಿ" ಅಂದಿತು. ನಾಲ್ವರೂ ಬಂದು ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ, ಕೈ ಕಟ್ಟಿ ಕೂತರು. ಗೌರತ್ತೆ ನಗಲು ಹೋಗಿ ನಿಲ್ಲಿಸಿದಳು.

ಮುಂದಿನವನೇ ಹಾಲಪ್ಪ. ಅವನ ಹಿಂದೆ ನಿಂಗಪ್ಪ, ಕೊಟ್ರಪ್ಪ, ಸಿದ್ದಪ್ಪ. ನಾಲ್ವರೂ ಸಾರಥಿಯ ರೈತರು. ಉಪ್ಪಿಟ್ಟು ಕೊಟ್ಟರೆ ಮೂವರು ಉಂಡರು. ಹಾಲಪ್ಪ ಹೆಬ್ಬೆಟ್ಟು ಮತ್ತು ಎರಡು ಬೆರಳಿನ ತುದಿಯಿಂದ ಮಾತ್ರ ಉಂಡ. ಉಳಿದೆರಡು ಬೆರಳು ಅಂಗೈಯನ್ನು ಮುಚ್ಚಿಯೇ ಇದ್ದವು. ಉಂಡಾದ ಮೇಲೆ ಅವನು ಹೇಳಿದ ಕಥೆ ಇದು.

ನನ್ನ ಅಜ್ಜ ಸಾರಥಿಯ ಐಗಳು. ಹೊಳೆಯ ದಂಡೆಯ ಕಲ್ಲುಮಂಟಪದಲ್ಲಿ ಹದಿನೇಳು ಮಕ್ಕಳಿಗೆ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದ. ಐವತ್ತೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಹರಿಹರದಿಂದ ಯಾರೋ ಬಂದು ಕಿವಿಯಲ್ಲಿ ಏನೋ ಹೇಳಿದರು. ಏನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಜ್ಜ ಎದ್ದು, ಜೋಳಿಗೆ ಹೆಗಲಿಗೆ ಹಾಕಿಕೊಂಡು, "ನಾ ಬರೋತನಕ ಒಬ್ರೂ ಏಳಬ್ಯಾಡ್ರಿ" ಎಂದು ಹೋದ.

"ಹೋದೋರು ಬರ್ಲೇ ಇಲ್ಲ" ಅಂದ ಹಾಲಪ್ಪ. "ಹೊತ್ತು ಮುಳುಗಿದ ಮ್ಯಾಲೆ ಹನ್ನೆರಡು ಹುಡುಗ್ರನ್ನ ಅವರವರ ಅವ್ವಂದಿರು ಬಂದು ಕಿವಿ ಹಿಡಿದು ಎಬ್ಬಿಸಿಕೊಂಡು ಹೋದ್ರು. ನಾವು ಐದು ಮಂದಿ ಏಳಲಿಲ್ಲ. ಮರುದಿನ ನಮ್ಮಪ್ಪಂದಿರು ಕೂತಂಗೇ ನಮ್ಮನ್ನ ಹೊತ್ಕೊಂಡು ಹೋದ್ರು. ನಾವಾಗಿ ಎದ್ದಿಲ್ರಿ. ಇವತ್ತಿಗೂ ಎದ್ದಿಲ್ಲ."

ನನಗೆ ಕಲ್ಲುಸಕ್ಕರೆ ಕರಗಿದ ಆ ಕೈ ನೆನಪಾಯಿತು. "ಈಗ ನನ್ನಿಂದ ಏನಾಗಬೇಕು?" ಅಂದೆ.

"ಸಾಲಿ ಬಿಡಬೇಕ್ರಿ."

"ನಾನಿಲ್ಲೇ ಬಿಟ್ಟೆ ಅಂದರೆ ಆಗುವುದಿಲ್ಲವೇ?"

ನಿಂಗಪ್ಪ ಬೊಚ್ಚುಬಾಯಿ ತೆರೆದು ನಕ್ಕ. "ಸಾಲೀಗೆ ಬರದ ಹುಡುಗ್ರನ್ನ ನಾಕು ಮಂದಿ ಹೋಗಿ ಕೈಕಾಲು ಹಿಡಿದು ಹೊತ್ಕೊಂಡು ಬರಬೇಕು. ಅದು ನಿಮ್ಮಜ್ಜ ಹಾಕಿದ ಪದ್ಧತಿ. ಈಗ ನಾವು ಸರಿಯಾಗಿ ನಾಕು ಮಂದಿ ಬಂದೀವಿ ನೋಡ್ರಿ. ನೀವಾಗೇ ಬರ್ತೀರೋ, ಹೊರಬೇಕೋ?"

ಎಲ್ಲರೂ ನಕ್ಕೆವು. ನಗುತ್ತಲೇ ನಾನು ನೋಡಿದೆ: ಒಬ್ಬನು ನನ್ನ ಎಡಕ್ಕೆ, ಒಬ್ಬನು ಬಲಕ್ಕೆ ಸರಿದು ಕೂತಿದ್ದ. ನಾನು ಚಪ್ಪಲಿ ಹಾಕಿಕೊಂಡೆ. ಗೌರತ್ತೆ ಬಾಗಿಲಲ್ಲಿ ನನ್ನ ಕೈ ಹಿಡಿದು, "ಸಂಜೀ ಒಳಗ ಬರಬೇಕು ನೋಡು" ಅಂದಳು. ಆಮೇಲೆ ಆ ಮಾತು ಆಡಬಾರದಿತ್ತೇನೋ ಎನ್ನುವಂತೆ ಸೆರಗನ್ನು ಬಾಯಿಗೆ ಹಿಡಿದಳು.

ಬಂಡಿಯ ದಾರಿ

ಹರಿಹರದತನಕ ಬಸ್ಸು, ಅಲ್ಲಿಂದ ಕೊಟ್ರಪ್ಪನ ಎತ್ತಿನ ಬಂಡಿ. ಎರಡು ಕಡೆ ಭತ್ತದ ಗದ್ದೆ, ಕಾಲುವೆ. ನಮ್ಮ ಕಡೆ ತೆಂಗಿನ ತೋಪಿನಲ್ಲಿ ಗಾಡಿ ಹೋದರೆ ಮಕ್ಕಳು ಕೂಗುತ್ತ ಹಿಂದೆ ಓಡಿ ಬರುತ್ತವೆ. ಇಲ್ಲಿ ಗದ್ದೆಯಲ್ಲಿದ್ದ ಹೆಂಗಸರು ನಾವು ಹತ್ತಿರ ಬಂದಾಗ ಮಾತು ನಿಲ್ಲಿಸಿ, ದಾಟಿದ ಮೇಲೆ ಶುರುಮಾಡುತ್ತಿದ್ದರು.

ನಾನು ಟೀಚರು, ಹೆದರಿಕೆಯಾದಾಗ ಪ್ರಶ್ನೆ ಕೇಳುವುದು ನನ್ನ ಚಾಳಿ. "ಆ ಮುಷ್ಟಿಯಲ್ಲಿ ಏನಿದೆ, ಹಾಲಪ್ಪನವರೇ?"

"ಸರಸ್ವತಿ" ಅಂದ.

ಅದು ಅಜ್ಜನ ಶಾಲೆಯ ಕ್ರಮ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಐಗಳು ಮಸಿಯಿಂದ 'ಸರಸ್ವತಿ' ಎಂದು ಬರೆಯುವುದು. ಎರಡನೆಯವನ ಅಂಗೈಗೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಕೊನೆಯವನತನಕ. ಸಂಜೆ ಬಿಡುವಾಗಲೂ ಅದೇ ಪಾಳಿ. ಮೊದಲು ಬಂದವನ ಹೆಸರು ಮೊದಲು ಕರೆದು, ಅವನ ಅಂಗೈಯ ಅಕ್ಷರ ಒರೆಸಿ, "ಏಳು, ಮನೀಗೆ ಹೋಗು" ಎನ್ನಬೇಕು. ಹೆಸರು ಕರೆಯದೆ ಯಾರೂ ಏಳುವಂತಿಲ್ಲ.

ಆ ದಿನ ಮೊದಲು ಬಂದವನು ಹಾಲಪ್ಪ. ಸೊನ್ನೆಯವನು ನಿಂಗಪ್ಪ. ಆಮೇಲೆ ಕೊಟ್ರಪ್ಪ, ಸಿದ್ದಪ್ಪ. ಹದಿನೇಳನೆಯವನು, ಏಳದೆ ಕೂತ ಐವರಲ್ಲಿ ಕೊನೆಯವನು, ಕರಿಬಸಪ್ಪ.

"ಕರಿಬಸ ಯಾಕ ತಡ ಮಾಡಿದ ಗೊತ್ತೇನ್ರಿ?" ಅಂದ ನಿಂಗಪ್ಪ. "ನಿಮ್ಮಜ್ಜಗ ಅಂತ ಹೊಲದಾಗಿಂದ ಎಳೇ ಸೌತೀಕಾಯಿ ಹರ್ಕೊಂಡು ಬರಾಕ ಹೋಗಿದ್ದ. ಬಂದ ಕೂಡ್ಲೆ ಹದಿನೈದು ಏಟು ತಿಂದ. ಹೋಗುವಾಗ ನಿಮ್ಮಜ್ಜ ಸೌತೀಕಾಯಿ ಮಾತ್ರ ಮರೀಲಿಲ್ಲ, ಜೋಳಿಗಿಗೆ ಹಾಕ್ಕೊಂಡೇ ಹೋದ್ರು!"

ಬಂಡಿ ಕುಲುಕಾಡಿತು, ಯಾರೂ ನಗಲಿಲ್ಲ. ಸಿದ್ದಪ್ಪ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಕಾಲುವೆಯನ್ನೇ ನೋಡುತ್ತ ಹೇಳಿದ.

"ಎದ್ದು ಹೋದ ಹನ್ನೆರಡು ಮಂದೀನೂ ಸತ್ರು. ಪಿಳೇಗು, ಆಮ್ಯಾಲೆ ಆ ದೊಡ್ಡ ಜ್ವರ. ಏಳದ ಐದು ಮಂದಿ ಉಳಿದ್ವಿ. ನನಗ ನಾಗರಹಾವು ಎರಡು ಸಲ ಕಚ್ಚೈತೆ. ಈ ನಿಂಗ ತೆಪ್ಪ ಮಗುಚಿ ಹೊಳ್ಯಾಗ ಅರ್ಧ ದಿನ ಇದ್ದ. ಕೊಟ್ರನ ಮ್ಯಾಲೆ ಕಣದಾಗ ಮೇಟಿಕಂಬ ಬಿತ್ತು, ಕಂಬ ಮುರೀತು. ಸಾಲ್ಯಾಗ ಕೂತಿರೋ ಮಕ್ಳನ್ನ ಯಮನೂ ಕರೆಯಂಗಿಲ್ರಿ, ಐಗಳು ಬಿಡಬೇಕು."

"ಕರಿಬಸಪ್ಪ?" ಎಂದೆ.

"ಅವ್ನಿಗೆ ಹೊಟ್ಟ್ಯಾಗ ಗಡ್ಡೆ. ನಲವತ್ತು ದಿನ ಆತು, ಅನ್ನ ಇಲ್ಲ, ಮಾತಿಲ್ಲ. ಹರಿಹರದ ಡಾಕ್ಟ್ರು ಎರಡು ಸಲ ಇನ್ನೇನಿಲ್ಲ ಅಂತ ಹೇಳಿ ಹೋದ್ರು. ಉಸಿರು ಹೋಗವಲ್ದು. ಚೀರ್ತಾನ್ರಿ. ಚೀರೋದು ಊರಿಗೆಲ್ಲ ಕೇಳತೈತೆ."

ಹಾಗಾದರೆ ಅವನೊಬ್ಬನ ಹೆಸರು ಕರೆದರಾಯಿತಲ್ಲ ಎಂದೆ. ನಾಲ್ವರೂ ನನ್ನನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದರು.

"ಅವ್ನು ಕಡೀಗೆ ಬಂದೋನು" ಅಂದ ಹಾಲಪ್ಪ. "ಮೊದ್ಲು ಬಂದೋನು ನಾನು."

ಅವನ ಮಾತಿನ ಅರ್ಥ ನನಗೆ ಹೊಳೆಯಲು ಒಂದು ಫರ್ಲಾಂಗು ಬೇಕಾಯಿತು. ಕರಿಬಸಪ್ಪನನ್ನು ಬಿಡಬೇಕಾದರೆ ಅವನಿಗಿಂತ ಮೊದಲು ಹಾಲಪ್ಪನನ್ನು ಸಾವಿಗೆ ಬಿಡಬೇಕು ಎಂದು ಹೊಳೆದ ಮೇಲೆ ಬಂಡಿಯಿಂದ ಇಳಿದು ಓಡಿಬಿಡಬೇಕೆನಿಸಿತು.

ಸಾರಥಿ

ಮಂಟಪಕ್ಕೆ ಇನ್ನೂ ಇಪ್ಪತ್ತು ಮಾರು ಇರುವಾಗ ಒಬ್ಬ ಹೆಂಗಸು ಬೇಲಿ ದಾಟಿ ಬಂದು ನನ್ನ ಮೊಣಕೈ ಹಿಡಿದಳು. ಹಾಲಪ್ಪನ ಹೆಂಡತಿ ಚನ್ನಮ್ಮ. ಗಂಡಸರನ್ನು ಮುಂದೆ ಹೋಗಗೊಟ್ಟು ಹೇಳಿದಳು.

"ತಾಯೀ, ನಲವತ್ತು ವರ್ಷ ಆ ಮುಷ್ಟಿ ಜೊತಿ ಬಾಳೇ ಮಾಡೀನಿ. ನನ್ನ ಮದುವ್ಯಾಗೂ ಆ ಕೈ ಬಿಚ್ಚಿಲ್ಲ, ಮಗನ್ನ ಎತ್ತಿಕೊಳ್ಳಾಕೂ ಬಿಚ್ಚಿಲ್ಲ. ಇರ್ಲಿ. ಮುಷ್ಟಿ ಆದ್ರೇನು, ಮನ್ಯಾಗೊಂದು ಜೀವ ಐತೆ. ನೀ ಆ ಹೆಸರು ಕರೀಬ್ಯಾಡ."

"ಇದೆಲ್ಲ ನಂಬಿಕೆ ಅಮ್ಮ. ಹೆಸರು ಕರೆದರೆ ಯಾರೂ ಸಾಯುವುದಿಲ್ಲ."

"ಹಂಗಂದ್ರೆ ಕರೀದೇ ಇರಾಕ ನಿಂಗೇನು ಕಷ್ಟ?" ಅಂದಳು.

ನಾನು ಮೊಣಕೈ ಬಿಡಿಸಿಕೊಂಡು ಮಂಟಪದ ಕಡೆಗೆ ನಡೆದೆ.

ಮಂಟಪ ಚಿಕ್ಕದು. ನಾಲ್ಕು ಕಂಬ, ತಗ್ಗು ಸೂರು. ಹೊರಗೆ ಉರಿಬಿಸಿಲು, ಒಳಗೆ ನೆಲಮಾಳಿಗೆಯ ತಂಪು. ಕಂಬಕ್ಕೆ ಒರಗಿಸಿ ಒಂದು ಮಣೆ, ಮಣೆಯ ಮೇಲೆ ಎಣ್ಣೆ ಸವರಿದ ಬೆತ್ತ. ಎರಡೂ ಅಜ್ಜನವು, ಹಾಲಪ್ಪ ಕಾಪಾಡಿಕೊಂಡು ಬಂದದ್ದು. ನೆಲದ ಮೇಲೆ ಸಣ್ಣ ಮರಳು ಹರಡಿತ್ತು. ಅದರಲ್ಲಿ ಯಾರೂ ಕೂರದ ಹನ್ನೆರಡು ಜಾಗಗಳನ್ನು ಬಿಟ್ಟು ನಾಲ್ವರೂ ತಮ್ಮ ತಮ್ಮ ಜಾಗದಲ್ಲಿ ಕೂತರು. ಕರಿಬಸಪ್ಪನನ್ನು ಮಂಚ ಸಮೇತ ತಂದು ಹಿಂದಿನ ಮೂಲೆಯಲ್ಲಿ ಇಟ್ಟಿದ್ದರು. ಹೊದಿಕೆಯ ಕೆಳಗೆ ಮನುಷ್ಯ ಇದ್ದಾನೆ ಎನ್ನಿಸುತ್ತಿರಲಿಲ್ಲ. ಕಣ್ಣು ಮಾತ್ರ ಇದ್ದವು. ಅವು ನನ್ನನ್ನು ಕಂಡ ಕೂಡಲೇ ಚೀರಾಟ ನಿಂತಿತು. ಮೇಷ್ಟ್ರು ಒಳಗೆ ಬಂದಾಗ ತರಗತಿಯ ಗದ್ದಲ ನಿಲ್ಲುತ್ತದಲ್ಲ, ಹಾಗೆ.

ನಾನು ಮಣೆಯ ಮೇಲೆ ಕೂತ ಕೂಡಲೇ ಐದೂ ಮುಖಗಳು ಒಂದೇ ಸಲ ನನ್ನ ಕಡೆ ತಿರುಗಿದವು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೊಂಬಾಸದ ಏಳು ವರ್ಷದ ಹುಡುಗಿಯರು ನೋಡುವುದೂ ಹಾಗೆಯೇ. ಆದರೆ ಇಲ್ಲಿ ಅದು ನರೆತ ಹುಬ್ಬಿನ ಕೆಳಗಿತ್ತು.

ಧೈರ್ಯ ಮಾಡಿ ಹೇಳಿದೆ. "ಇವತ್ತು ಐಗಳು ನಾನು. ನನ್ನ ಕ್ರಮ ಬೇರೆ. ಕೊನೆಗೆ ಬಂದವರು ಮೊದಲು. ಕರಿಬಸಪ್ಪ..."

"ಅಯ್ಯನೋರೆ!" ಹಾಲಪ್ಪ ಅರ್ಧ ಎದ್ದು ಮತ್ತೆ ಕೂತ. "ನಾ ಕೋಳಿ ಕೂಗೋಕ್ಕಿಂತ ಮೊದ್ಲು ಬಂದೀನ್ರಿ. ಬೆಳಕು ಹರಿದಿರ್ಲಿಲ್ಲ. ಹೊಳೀ ನೀರು ತಂದು ಮಂಟಪ ತೊಳೆದೀನಿ. ಅವ್ನು ಬಂದಾಗ ಬಿಸಿಲು ಇಲ್ಲೀತನಕ ಬಂದಿತ್ತು, ಈ ಕಲ್ಲಿನ ತನಕ! ಕೇಳ್ರಿ ಬೇಕಾದ್ರೆ!"

"ಹಾಲಪ್ಪನವರೇ, ಮೊದಲು ಹೋಗುವುದು ಅಂದರೆ ಏನಂತ ಗೊತ್ತಲ್ಲ?"

"ಗೊತ್ತೈತ್ರಿ. ಏನರ ಆಗ್ಲಿ. ನನ್ನ ಪಾಳಿ ನನಗ ಬೇಕು." ಕಣ್ಣೀರು ಮೀಸೆಗೆ ಇಳಿಯಿತು. ಕಂಬದ ಹಿಂದೆ ಚನ್ನಮ್ಮ ಬಿಕ್ಕಿದ್ದು ಕೇಳಿಸಿತು.

ಆಗ ಮಂಚದಿಂದ, ನಲವತ್ತು ದಿನದಿಂದ ಮಾತಿಲ್ಲದವನು ಮಾತಾಡಿದ. ಮುದುಕನ ದನಿಯಲ್ಲ, ಇನ್ನೂ ಒಡೆಯದ ಸಣ್ಣ ದನಿ.

"ನಾ ಕಡೀಗೆ ಬಂದೀನ್ರಿ. ಹಾಲ್ಯಾನ್ನ ಮೊದ್ಲು ಬಿಡ್ರಿ."

ನನಗೆ ಅಜ್ಜನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಹಡಗು ಹತ್ತುವ ಮೊದಲು ಎರಡು ಮಾತು, ಅಷ್ಟೇ ಬೇಕಾಗಿದ್ದದ್ದು. ಇವರು ಕಥೆ ಕೇಳಿರಲಿಲ್ಲ, ಪ್ರೀತಿಯನ್ನೂ ಕೇಳಿರಲಿಲ್ಲ; ಹದಿನೈದು ಏಟನ್ನು ಕೂಡ ಲೆಕ್ಕದಂತೆ ತಿಂದು ಕೂತಿದ್ದರು. ಈಗ ಒಬ್ಬನಿಗೆ ನ್ಯಾಯ ಮಾಡಿದರೆ ಒಬ್ಬಳು ಗಂಡನನ್ನು ಕಳೆದುಕೊಳ್ಳುತ್ತಾಳೆ. ಮಾಡದಿದ್ದರೆ ಇನ್ನೊಬ್ಬ ಚೀರುತ್ತಲೇ ಇರುತ್ತಾನೆ. ಎಲ್ಲ ನಂಬಿಕೆ ಎಂದು ಹೊರಗೆ ಹೇಳಿದವಳು ನಾನೇ. ಆ ಸೂರಿನ ಕೆಳಗೆ ಅದನ್ನು ಎರಡನೆಯ ಸಲ ಹೇಳುವ ಧೈರ್ಯ ನನಗಿರಲಿಲ್ಲ.

"ಹಾಲಪ್ಪ, ಅಂಗೈ ತೋರಿಸು" ಅಂದೆ. ಏಕವಚನ ತಾನಾಗಿ ಬಂತು.

ಅವನು ಒಂದೊಂದೇ ಬೆರಳು ಬಿಡಿಸಿದ. ಬೆರಳಿನ ಗಂಟುಗಳು ಒಣಕಟ್ಟಿಗೆಯಂತೆ ಸದ್ದು ಮಾಡಿದವು. ಅಂಗೈ ಬಿಳುಚಿಕೊಂಡು ಮೆತ್ತಗಿತ್ತು, ಕೂಸಿನದರಂತೆ. ಉತ್ತ ಗುರುತಿಲ್ಲ, ಒಂದು ಗೆರೆಯೂ ಇಲ್ಲ. ಮಸಿಯೂ ಇರಲಿಲ್ಲ. ಅವನು ಅದನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

ಆ ಬರಿ ಅಂಗೈಯನ್ನು ನಾನು ಒರೆಸಲಿಲ್ಲ. ಒರೆಸಿದರೆ ಬಿಟ್ಟ ಹಾಗೆ. ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಬರುವ ಹುಡುಗಿಗೆ ಮನೆಗೆ ಹೋಗುವುದಕ್ಕಿಂತ ದೊಡ್ಡ ಆಸೆ ಒಂದು ಇರುತ್ತದೆ. ಅದು ನೆನಪಾಯಿತು. ಬೆತ್ತವನ್ನು ಎತ್ತಿ ಆ ಅಂಗೈ ಮೇಲೆ ಇಟ್ಟೆ.

"ನೀನು ಮೊದಲು ಬಂದವನು. ಅದಕ್ಕೇ ಸಾಲಿ ನಿನ್ನ ಕೈಗೆ ಕೊಡುತ್ತಿದ್ದೇನೆ. ಉಳಿದವರನ್ನು ನೀನು ಬಿಡು."

ಹಾಲಪ್ಪ ಬೆತ್ತವನ್ನು ನೋಡಿದ. ಮುಷ್ಟಿ ಅದರ ಸುತ್ತ ಮುಚ್ಚಿಕೊಂಡಿತು. ಅವನು ಎದ್ದ. ಐವತ್ತೆರಡು ವರ್ಷದ ಮೇಲೆ, ತಾನಾಗಿ. ಬೆನ್ನು ನೆಟ್ಟಗಾಯಿತು. "ಏ ಸೊನ್ನೆ!" ಎಂದು ನಿಂಗಪ್ಪನನ್ನು ಗದರಿದ. "ನಿನ್ನ ಪಾಳಿ ಕರಿಬಸಗ ಬಿಟ್ಟುಕೊಡ್ತೀಯೇನು?"

"ಬೇಶಕ್ ಬಿಟ್ಟುಕೊಟ್ಟೆ! ನನ್ನ ಎಮ್ಮಿ ಈಯೋದೈತೆ ಮಾರಾಯ" ಅಂದ ನಿಂಗಪ್ಪ. ಕೊಟ್ರಪ್ಪನೂ ಬಿಟ್ಟುಕೊಟ್ಟ. ಸಿದ್ದಪ್ಪ ತಲೆಯಾಡಿಸಿದ.

"ಕರಿಬಸಪ್ಪ," ಹಾಲಪ್ಪ ಕರೆದ. ದನಿ ಅವನದಲ್ಲ. ನಾನು ಹುಟ್ಟಿದಾಗಿನಿಂದ ಕೇಳಿದ, ಗುಮಾಸ್ತನ ಒಣದನಿ ಅದು, ಅಜ್ಜನದು. "ಏಳು. ಮನೀಗೆ ಹೋಗು."

"ಹೋಗ್ತೀನ್ರಿ" ಅಂತು ಮಂಚ.

ಹೊದಿಕೆ ಒಂದು ಸಲ ಏರಿತು, ಇಳಿಯಿತು. ಮತ್ತೆ ಏರಲಿಲ್ಲ. ಹಿಂದಿನ ಮೂಲೆಯಿಂದ ಹೊರಬಾಗಿಲ ಕಡೆಗೆ ಮರಳಿನ ಮೇಲೆ ಸಣ್ಣಗೆ ಒಂದು ಸದ್ದು ಹೋಯಿತು, ಮಕ್ಕಳು ಬರಿಗಾಲಲ್ಲಿ ಓಡುವ ಸದ್ದು. ಗಾಳಿ ಇದ್ದರೂ ಇರಬಹುದು. ನಾನು ನೆಲ ನೋಡಲಿಲ್ಲ.

ಉಳಿದ ಮೂವರು ಹಾಲಪ್ಪ ತಮ್ಮ ಕಡೆ ತಿರುಗುವ ಮೊದಲೇ ಕೈ ಮುಗಿದರು. "ನಮಗಿನ್ನಾ ಪಾಠ ಐತೆ, ಅಯ್ಯನೋರೆ" ಅಂದ ನಿಂಗಪ್ಪ, ಹಾಲಪ್ಪನಿಗೆ.

ಮತ್ತೆ ಹರಿಹರದ ಕಡೆಗೆ

ಹೆಣಕ್ಕೆ ವಿಭೂತಿ ಹಚ್ಚಿ ಕೂರಿಸಿದರು. ನಾನು ಕೈ ಮುಗಿದು ಬಂಡಿ ಹತ್ತಿದೆ. ಹಾಲಪ್ಪ ಬೆತ್ತ ಹಿಡಿದೇ ಬಂಡಿಯ ಪಕ್ಕದಲ್ಲಿ ನಡೆದು ಬಂದ. ಹೆಮ್ಮೆಯಿಂದ ಮುಖ ಹೊಳೆಯುತ್ತಿತ್ತು. ಊರ ಅಗಸೆ ದಾಟಿದ ಮೇಲೆ ಆ ಹೊಳಪಿನಲ್ಲಿ ಒಂದು ಯೋಚನೆ ಕಾಣಿಸಿಕೊಂಡಿತು.

"ಅಯ್ಯನೋರೆ, ಅವರನ್ನ ನಾ ಬಿಡ್ತೀನಿ. ನನ್ನ ಯಾರು ಬಿಡ್ತಾರ್ರಿ?"

ಅದನ್ನು ನಾನು ಯೋಚಿಸಿರಲಿಲ್ಲ. ಬುದ್ಧಿವಂತಿಕೆ ಮಾಡಿದೆ ಎಂದು ಒಳಗೊಳಗೇ ಬೀಗುತ್ತಿದ್ದವಳಿಗೆ ಎತ್ತಿನ ಕೊರಳ ಗಂಟೆ ನಿಂತ ಹಾಗಾಯಿತು. ಎಂಟು ದಿನಕ್ಕೆ ನನ್ನ ಹಡಗು. ಅವನು ಬಂಡಿಯ ಹಲಗೆ ಹಿಡಿದು ನನ್ನನ್ನೇ ನೋಡುತ್ತಿದ್ದ.

"ನಾನೇ ಬಂದು ಬಿಡುತ್ತೇನೆ" ಅಂದೆ.

"ಬರ್ತೀರಲ್ಲ?"

"ಬರ್ತೀನಿ."

"ಹಂಗಾದ್ರೆ ಕೂತಿರ್ತೀನ್ರಿ" ಎಂದು ತೃಪ್ತಿಯಿಂದ ನಿಂತುಕೊಂಡ.

ಬಂಡಿ ಕಾಲುವೆಯ ತಿರುವು ಮುಗಿಸುವಾಗ ಚನ್ನಮ್ಮ ಗದ್ದೆಯ ಬದುವಿನ ಮೇಲೆ ಅಡ್ಡದಾರಿಯಿಂದ ಓಡಿ ಬಂದಳು. ಏದುಸಿರು. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಉಳಿಸಿದಿ ತಾಯೀ. ನಿನ್ನ ಹೊಟ್ಟಿ ತಣ್ಣಗಿರ್ಲಿ. ಒಂದು ಮಾತು ಕೊಡು. ನೀ ಮಾತ್ರ ಇನ್ನ ಈ ಊರಿಗೆ ತಿರುಗಿ ಬರಬ್ಯಾಡ."

"ಆಗಲಿ" ಅಂದೆ.

ಅವಳು ಬದುವಿನ ಮೇಲೆಯೇ ನಿಂತಳು. ಅವಳ ಹಿಂದೆ, ದೂರದಲ್ಲಿ, ಹಾಲಪ್ಪ ಮಂಟಪದ ಕಡೆಗೆ ನಡೆದು ಹೋಗುತ್ತಿದ್ದ. ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತದ್ದೂ ಬಂಡಿಯಿಂದ ಕಾಣಿಸಿತು.

ಗೌರತ್ತೆಯ ಕಾಗದ ಪ್ರತಿ ಹಡಗಿಗೂ ಬರುತ್ತದೆ. ಪ್ರತಿ ಅಮಾವಾಸ್ಯೆ ಕಳೆದ ಮರುದಿನ ಹಾಲಪ್ಪ ಪಿ.ಜೆ. ಬಡಾವಣೆಯ ಗೇಟಿಗೆ ಬಂದು, "ಅಯ್ಯನೋರು ಹೊಂಟ್ರಂತೇನ್ರಿ?" ಎಂದು ಕೇಳಿ ಹೋಗುತ್ತಾನಂತೆ. ಅದರ ಮಾರನೆಯ ದಿನ ಚನ್ನಮ್ಮ ಬಂದು ಅದನ್ನೇ ಕೇಳುತ್ತಾಳಂತೆ. ಇಬ್ಬರಿಗೂ ಏನು ಹೇಳಲಿ ಎಂದು ಗೌರತ್ತೆ ಪ್ರತಿ ಸಲವೂ ಬರೆಯುತ್ತಾಳೆ.

ಮುಂದಿನ ತಿಂಗಳು ನಮ್ಮ ದೊಡ್ಡ ರಜೆ. ಹೆಡ್‌ಮಿಸ್ಟ್ರೆಸ್ಸಿನ ಪ್ರಶ್ನೆಗೆ ನಾನು ಇನ್ನೂ ಉತ್ತರ ಬರೆದು ಕೊಟ್ಟಿಲ್ಲ. ಗೌರತ್ತೆಗೂ ಬರೆದಿಲ್ಲ.